ಆಕಾಶದಿಂದ ಕಾಡ್ಗಿಚ್ಚಿನ ಅಳತೆ

2019ರ ಫೆಬ್ರವರಿ 21ರಂದು ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಮೀಸಲು ಪ್ರದೇಶದಲ್ಲಿ ಹೊತ್ತಿಕೊಂಡ ಬೆಂಕಿಯು ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನ ಕಾಡನ್ನು ಐದು ದಿನಗಳ ಕಾಲ ದಹಿಸಿತು. ಅರಣ್ಯ ಇಲಾಖೆಯ ಸಿಬ್ಬಂದಿ, ಅಗ್ನಿಶಾಮಕ ದಳದವರು ಹಾಗೂ ಊರೂರುಗಳಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯೊಡನೆ ಹೋರಾಡಿದರು. ಫೆಬ್ರವರಿ 25ರಂದು ಭಾರತೀಯ ವಾಯುಪಡೆಯ ಎಂ.ಐ.-17 ಹೆಲಿಕಾಪ್ಟರುಗಳು ಉರಿಯುವ ಗುಡ್ಡಗಳ ಮೇಲೆ ನೀರು ಸುರಿದವು. ಬೆಂಕಿ ಆರಿದ ಬಳಿಕ ಜನರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ಎಷ್ಟು ಕಾಡು ಸುಟ್ಟುಹೋಯಿತು?

ಹೊಗೆಯಾಡುವ ನೂರಾರು ಗುಡ್ಡ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಈ ಪ್ರಶ್ನೆಗೆ ತ್ವರಿತವಾಗಿ ಉತ್ತರ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ಸುಟ್ಟ ಪ್ರದೇಶದ ವಿಸ್ತೀರ್ಣ ಸುಮಾರು 4,400 ಹೆಕ್ಟೇರು, ಅಂದರೆ ಸುಮಾರು 10,900 ಎಕರೆ ಎಂದು ಅಂದಾಜು ಮಾಡಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಂಗವಾದ ಈ ಕೇಂದ್ರವು 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಏಜೆನ್ಸಿ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ.

ನೂರಾರು ಕಿಲೋಮೀಟರು ಎತ್ತರದಲ್ಲಿ ಸಾಗುವ ಉಪಗ್ರಹವು ನೆಲದ ಮೇಲಿನ ಬೆಂಕಿಯನ್ನು ಕಾಣುವುದು ಹೇಗೆ? ಬೆಂಕಿಯ ಬಿಸಿ ಎಷ್ಟು, ಉರಿಯುವ ಜಾಗ ಎಷ್ಟು, ಅದರ ಶಕ್ತಿ ಎಷ್ಟು, ಕೊನೆಗೆ ಸುಟ್ಟ ನೆಲ ಎಷ್ಟು ಎಂಬುದನ್ನು ಅದು ಅಳೆಯುವ ಬಗೆ ಯಾವುದು? ಆ ಅಳತೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ವಿಷಯಗಳನ್ನು ಸಾಮಾನ್ಯ ಓದುಗರಿಗೆ ತಿಳಿಸುವುದೇ ಈ ಪಾಠದ ಉದ್ದೇಶ.

ಬಿಸಿ ವಸ್ತುವಿನ ಬೆಳಕು

ಕಮ್ಮಾರನ ಕುಲುಮೆಯಲ್ಲಿಟ್ಟ ಕಬ್ಬಿಣವು ಮೊದಲು ಕಪ್ಪಾಗಿಯೇ ಇರುತ್ತದೆ. ಆದರೂ ಹತ್ತಿರ ಕೈ ಒಡ್ಡಿದರೆ ಅದರ ಬಿಸಿ ತಾಗುತ್ತದೆ. ಇನ್ನಷ್ಟು ಕಾದಾಗ ಅದು ಮಂದ ಕೆಂಪಾಗಿ, ಬಳಿಕ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗಿ ಹೊಳೆಯುತ್ತದೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಎಲ್ಲ ವಸ್ತುಗಳೂ ತಮ್ಮ ಉಷ್ಣತೆಗೆ ತಕ್ಕಂತೆ ಕಿರಣಗಳನ್ನು ಹೊರಸೂಸುತ್ತವೆ. ಅವು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಉಷ್ಣತೆ ಏರಿದಂತೆ ಕಿರಣಗಳ ಪ್ರಮಾಣ ಹೆಚ್ಚುತ್ತದೆ, ಅವುಗಳ ತರಂಗಾಂತರ ಕಡಿಮೆಯಾಗುತ್ತದೆ.

ವಿಜ್ಞಾನಿ ವೀನ್ ಕಂಡುಹಿಡಿದ ನಿಯಮದ ಪ್ರಕಾರ 2,898 ಎಂಬ ಸಂಖ್ಯೆಯನ್ನು ವಸ್ತುವಿನ ಉಷ್ಣತೆಯಿಂದ ಭಾಗಿಸಿದರೆ, ಆ ವಸ್ತುವು ಯಾವ ತರಂಗಾಂತರದಲ್ಲಿ ಅತ್ಯಂತ ಪ್ರಖರವಾಗಿದೆ ಎಂಬುದು ಮೈಕ್ರಾನ್‌ಗಳಲ್ಲಿ ದೊರೆಯುತ್ತದೆ. ಇಲ್ಲಿ ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ಹೇಳಬೇಕು; ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಕೆಲ್ವಿನ್ ಆಗುತ್ತದೆ. ಸಾಮಾನ್ಯ ನೆಲದ ಉಷ್ಣತೆ ಸುಮಾರು 300 ಕೆಲ್ವಿನ್. ಅದು ಅತಿ ಹೆಚ್ಚು ಹೊಳೆಯುವುದು 9.7 ಮೈಕ್ರಾನ್‌ನಲ್ಲಿ. ಜ್ವಾಲೆಯಾಗಿ ಉರಿಯುವ ಕಾಡ್ಗಿಚ್ಚಿನ ಉಷ್ಣತೆ ಸುಮಾರು 1,000 ಕೆಲ್ವಿನ್ ಎಂದಿಟ್ಟುಕೊಂಡರೆ ಅದು ಹೊಳೆಯುವುದು 2.9 ಮೈಕ್ರಾನ್‌ನಲ್ಲಿ. ಇವೆರಡೂ ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು.

ಆದುದರಿಂದಲೇ ಬೆಂಕಿ ಪತ್ತೆಗೆಂದು ಬಳಸುವ ಉಪಗ್ರಹಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂವೇದಕಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಸುಮಾರು 4 ಮೈಕ್ರಾನ್ ತರಂಗಾಂತರವನ್ನು, ಇನ್ನೊಂದು ಸುಮಾರು 11 ಮೈಕ್ರಾನ್ ತರಂಗಾಂತರವನ್ನು ಗ್ರಹಿಸುತ್ತದೆ. ಮೊದಲನೆಯದು ಬೆಂಕಿಯನ್ನು, ಎರಡನೆಯದು ಅದರ ಸುತ್ತಣ ನೆಲವನ್ನು ಚೆನ್ನಾಗಿ ಕಾಣುತ್ತದೆ. ಕಾಡ್ಗಿಚ್ಚಿನ ಹೊಗೆಯ ಕಣಗಳು ಬಹಳ ಸಣ್ಣವಾದ್ದರಿಂದ ಈ ಕಿರಣಗಳು ಹೊಗೆಯನ್ನು ಬಹುಮಟ್ಟಿಗೆ ದಾಟಿ ಬರುತ್ತವೆ. ದಟ್ಟ ಮೋಡವನ್ನು ಮಾತ್ರ ದಾಟಲಾರವು.

ಕಾಲು ಎಕರೆ ಬೆಂಕಿ, ಇನ್ನೂರೈವತ್ತು ಎಕರೆ ಚಿತ್ರಕಣ

ಉಪಗ್ರಹದ ಚಿತ್ರವು ಚಿಕ್ಕ ಚಿಕ್ಕ ಚೌಕಗಳಿಂದ ಕೂಡಿರುತ್ತದೆ. ಇವುಗಳನ್ನು ಚಿತ್ರಕಣ ಅಥವಾ ಪಿಕ್ಸೆಲ್ ಎಂದು ಕರೆಯುತ್ತಾರೆ. 1999ರ ಡಿಸೆಂಬರಿನಲ್ಲಿ ಹಾರಿಸಲಾದ ಟೆರ್ರಾ ಹಾಗೂ 2002ರ ಮೇ ತಿಂಗಳಿನಲ್ಲಿ ಹಾರಿಸಲಾದ ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದಲ್ಲಿ, ಬೆಂಕಿ ಪತ್ತೆಗೆ ಬಳಸುವ ಚಿತ್ರಕಣದ ಅಳತೆ ಒಂದು ಕಿಲೋಮೀಟರು ಉದ್ದ, ಒಂದು ಕಿಲೋಮೀಟರು ಅಗಲ. ಅಂದರೆ 100 ಹೆಕ್ಟೇರು ಅಥವಾ ಸುಮಾರು 247 ಎಕರೆ. ಈ ಇಡೀ ವಿಸ್ತೀರ್ಣಕ್ಕೆ ಉಪಕರಣವು ಒಂದೇ ಒಂದು ಸಂಖ್ಯೆಯನ್ನು ದಾಖಲಿಸುತ್ತದೆ. ಕಾಡಿನ ಬೆಂಕಿಯು ಇಷ್ಟು ಜಾಗವನ್ನು ಏಕಕಾಲಕ್ಕೆ ಆವರಿಸುವುದು ವಿರಳ. ಹಾಗಿದ್ದರೂ ಚಿಕ್ಕ ಬೆಂಕಿ ಪತ್ತೆಯಾಗುವುದು ಹೇಗೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಈ ಚಿತ್ರಕಣದ ಸಾವಿರದಲ್ಲಿ ಒಂದು ಪಾಲು, ಅಂದರೆ 1,000 ಚದರ ಮೀಟರು ಅಥವಾ ಸುಮಾರು ಕಾಲು ಎಕರೆ ಜಾಗ 1,000 ಕೆಲ್ವಿನ್ ಉಷ್ಣತೆಯಲ್ಲಿ ಉರಿಯುತ್ತಿದೆ ಎಂದು ಭಾವಿಸೋಣ. ಉಳಿದ ನೆಲ 300 ಕೆಲ್ವಿನ್‌ನಲ್ಲಿರಲಿ. 4 ಮೈಕ್ರಾನ್‌ನಲ್ಲಿ ಒಂದು ಚದರ ಮೀಟರು ಬೆಂಕಿಯು ಅಷ್ಟೇ ವಿಸ್ತೀರ್ಣದ ನೆಲಕ್ಕಿಂತ ಸುಮಾರು 4,500 ಪಟ್ಟು ಪ್ರಖರವಾಗಿರುತ್ತದೆ. 11 ಮೈಕ್ರಾನ್‌ನಲ್ಲಿ ಈ ಅಂತರ ಕೇವಲ 29 ಪಟ್ಟು. ಆದ್ದರಿಂದ ಕಾಲು ಎಕರೆ ಬೆಂಕಿಯು 4 ಮೈಕ್ರಾನ್‌ನಲ್ಲಿ ಇಡೀ ಚಿತ್ರಕಣದ ಪ್ರಖರತೆಯನ್ನು ಸುಮಾರು ಐದೂವರೆ ಪಟ್ಟು ಹೆಚ್ಚಿಸುತ್ತದೆ. ಆ ಚಿತ್ರಕಣವು ಸುಮಾರು 350 ಕೆಲ್ವಿನ್ ಉಷ್ಣತೆ ಉಳ್ಳದ್ದಾಗಿ ತೋರುತ್ತದೆ. ಅದೇ ಚಿತ್ರಕಣ 11 ಮೈಕ್ರಾನ್‌ನಲ್ಲಿ ಸುಮಾರು 302 ಕೆಲ್ವಿನ್ ಮಾತ್ರ ತೋರಿಸುತ್ತದೆ. ಒಂದೇ ಜಾಗಕ್ಕೆ ಎರಡು ಉಪಕರಣಗಳು ಎರಡು ಬೇರೆ ಉಷ್ಣತೆಗಳನ್ನು ಹೇಳಿದಾಗ, ಅಲ್ಲಿ ನೆಲದೊಡನೆ ಮತ್ತೊಂದು ಅತಿ ಬಿಸಿಯಾದ ವಸ್ತು ಸೇರಿಕೊಂಡಿದೆ ಎಂದೇ ಅರ್ಥ. ಕಾಡ್ಗಿಚ್ಚಿನ ಪತ್ತೆಗೆ ಈ ವ್ಯತ್ಯಾಸವೇ ಮುಖ್ಯ ಆಧಾರ.

1981ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ ಡೋಜಿಯರ್ ಈ ತತ್ತ್ವವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ತಿಳಿಯಬೇಕಾದ ಅಂಶಗಳು ಎರಡು: ಬೆಂಕಿಯ ಉಷ್ಣತೆ ಮತ್ತು ಅದು ಚಿತ್ರಕಣದಲ್ಲಿ ಆಕ್ರಮಿಸಿರುವ ಪಾಲು. ದೊರೆತಿರುವ ಅಳತೆಗಳೂ ಎರಡು. ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳನ್ನು ಬಿಡಿಸುವ ಶಾಲೆಯ ಬೀಜಗಣಿತದ ರೀತಿಯಲ್ಲೇ ಇವೆರಡನ್ನೂ ಲೆಕ್ಕ ಹಾಕಬಹುದೆಂದು ಅವರು ತೋರಿಸಿದರು. ಆದರೆ ಈ ವಿಧಾನದಲ್ಲಿ ಒಂದು ತೊಡಕಿದೆ. ಸುತ್ತಣ ನೆಲದ ಉಷ್ಣತೆಯನ್ನು ಕೊಂಚ ತಪ್ಪಾಗಿ ಊಹಿಸಿದರೂ ಬೆಂಕಿಯ ವಿಸ್ತೀರ್ಣದ ಲೆಕ್ಕ ಬಹಳ ವ್ಯತ್ಯಾಸಗೊಳ್ಳುತ್ತದೆ. ಮೇಲಿನ ಉದಾಹರಣೆಯಲ್ಲಿ 11 ಮೈಕ್ರಾನ್‌ನ ಏರಿಕೆ ಎರಡು ಡಿಗ್ರಿಗಿಂತಲೂ ಕಡಿಮೆ. ಬಿಸಿಲಿನ ಬಂಡೆ ಹಾಗೂ ನೆರಳಿನ ಕಣಿವೆಗಳ ನಡುವೆಯೇ ಅದಕ್ಕಿಂತ ಹೆಚ್ಚಿನ ಅಂತರ ಇರುವುದುಂಟು.

ಬೆಂಕಿಯ ಸಾಮರ್ಥ್ಯದ ಲೆಕ್ಕ

ಈ ತೊಡಕನ್ನು ನಿವಾರಿಸಲು 1990ರ ದಶಕದಲ್ಲಿ ಯೋರಾಂ ಕಾಫ್ಮನ್ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ದಾರಿಯನ್ನು ಸೂಚಿಸಿದರು. ಉಷ್ಣತೆ ಮತ್ತು ವಿಸ್ತೀರ್ಣಗಳನ್ನು ಬೇರೆ ಬೇರೆಯಾಗಿ ಹುಡುಕುವ ಬದಲು, ಬೆಂಕಿಯು ಒಂದು ಸೆಕೆಂಡಿಗೆ ಕಿರಣ ರೂಪದಲ್ಲಿ ಹೊರಸೂಸುವ ಒಟ್ಟು ಶಕ್ತಿಯನ್ನೇ 4 ಮೈಕ್ರಾನ್‌ನ ಅಳತೆಯಿಂದ ಅಂದಾಜು ಮಾಡುವುದು ಈ ವಿಧಾನ. ಇದನ್ನು ಬೆಂಕಿಯ ವಿಕಿರಣ ಸಾಮರ್ಥ್ಯ ಎನ್ನುತ್ತಾರೆ. ವಿದ್ಯುತ್ ಸ್ಥಾವರದ ಸಾಮರ್ಥ್ಯದಂತೆಯೇ ಇದನ್ನೂ ಮೆಗಾವಾಟ್‌ಗಳಲ್ಲಿ ಹೇಳಲಾಗುತ್ತದೆ.

1,000 ಕೆಲ್ವಿನ್ ಉಷ್ಣತೆಯ ಒಂದು ಚದರ ಮೀಟರು ಜ್ವಾಲೆಯು ಸುಮಾರು 57 ಕಿಲೋವಾಟ್ ಕಿರಣಶಕ್ತಿಯನ್ನು ಸೂಸುತ್ತದೆ. ಆದ್ದರಿಂದ ಕಾಲು ಎಕರೆಯ ಆ ಬೆಂಕಿಯ ವಿಕಿರಣ ಸಾಮರ್ಥ್ಯ ಸುಮಾರು 57 ಮೆಗಾವಾಟ್. ಈ ಸಂಖ್ಯೆಯಿಂದ ಮತ್ತೊಂದು ಉಪಯುಕ್ತ ಮಾಹಿತಿ ದೊರೆಯುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾರ್ಟಿನ್ ವೂಸ್ಟರ್ ಮತ್ತು ಸಂಗಡಿಗರು ತೂಕ ಮಾಡಿದ ಒಣಹುಲ್ಲನ್ನು ಸುಟ್ಟು ನಡೆಸಿದ ಪ್ರಯೋಗಗಳ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಅದರಂತೆ ಒಂದು ಮೆಗಾಜೂಲ್ ಕಿರಣಶಕ್ತಿ ಹೊರಬಂದಾಗ ಸುಮಾರು 0.368 ಕಿಲೋಗ್ರಾಂ ಒಣ ಸಸ್ಯವಸ್ತು ಸುಟ್ಟಿರುತ್ತದೆ. ಈ ಪ್ರಮಾಣದಲ್ಲಿ 57 ಮೆಗಾವಾಟ್‌ನ ಬೆಂಕಿಯು ಸೆಕೆಂಡಿಗೆ ಸುಮಾರು 21 ಕಿಲೋಗ್ರಾಂ, ಗಂಟೆಗೆ ಸುಮಾರು 75 ಟನ್ ತರಗೆಲೆ, ಹುಲ್ಲು, ಕಟ್ಟಿಗೆಗಳನ್ನು ನುಂಗುತ್ತದೆ. ಸುಟ್ಟ ವಸ್ತುವಿನ ತೂಕ ತಿಳಿದರೆ ವಾತಾವರಣಕ್ಕೆ ಸೇರಿದ ಇಂಗಾಲದ ಡೈ ಆಕ್ಸೈಡ್ ಮತ್ತು ಹೊಗೆಯ ಪ್ರಮಾಣವನ್ನೂ ಅಂದಾಜು ಮಾಡಬಹುದು.

ಸೂಕ್ಷ್ಮ ನೋಟ ಮತ್ತು ನಿರಂತರ ನೋಟ

ಒಂದೇ ಉಪಗ್ರಹದಲ್ಲಿ ಎಲ್ಲ ಗುಣಗಳೂ ಇರುವುದಿಲ್ಲ. 2011ರಲ್ಲಿ ಹಾರಿಸಲಾದ ಸುಓಮಿ ಎನ್.ಪಿ.ಪಿ. ಉಪಗ್ರಹದ ವಿರ್ಸ್ ಎಂಬ ಉಪಕರಣದ ಚಿತ್ರಕಣ ಕೇವಲ 375 ಮೀಟರು ಅಗಲದ್ದು. ಮೋಡಿಸ್ ಉಪಕರಣದ ಒಂದು ಚಿತ್ರಕಣದ ಜಾಗದಲ್ಲಿ ಇದರ ಏಳು ಚಿತ್ರಕಣಗಳು ಹಿಡಿಯುತ್ತವೆ. ಹೀಗಾಗಿ ಮೋಡಿಸ್‌ಗೆ ಕಾಣದ ಚಿಕ್ಕ ಬೆಂಕಿಗಳೂ ಇದಕ್ಕೆ ಕಾಣುತ್ತವೆ. ಆದರೆ ಇದಕ್ಕೂ ಒಂದು ಮಿತಿಯುಂಟು. ಇದರ 375 ಮೀಟರಿನ ಮಧ್ಯಮ ಅವಕೆಂಪು ಪಟ್ಟಿಯು ಸುಮಾರು 367 ಕೆಲ್ವಿನ್‌ವರೆಗೆ ಮಾತ್ರ ಅಳೆಯಬಲ್ಲದು. ಅದಕ್ಕೂ ಹೆಚ್ಚು ಪ್ರಖರವಾದ ಬೆಂಕಿ ಎದುರಾದರೆ, ತುಂಬಿದ ಪಾತ್ರೆಗೆ ಸುರಿದ ನೀರಿನಂತೆ ಹೆಚ್ಚಿನ ಅಳತೆ ದಾಖಲಾಗದೆ ಹೋಗುತ್ತದೆ. ಆದ್ದರಿಂದ ಬೆಂಕಿ ಎಲ್ಲಿದೆ ಎಂಬುದನ್ನು ಈ ಪಟ್ಟಿಯಿಂದಲೂ, ಅದರ ಸಾಮರ್ಥ್ಯ ಎಷ್ಟು ಎಂಬುದನ್ನು 750 ಮೀಟರಿನ ಇನ್ನೊಂದು ಪಟ್ಟಿಯಿಂದಲೂ ಲೆಕ್ಕ ಹಾಕಲಾಗುತ್ತದೆ.

ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ಸುಓಮಿ ಉಪಗ್ರಹವು ಒಂದು ಪ್ರದೇಶದ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಬಳಿಕ, ಸುಮಾರು ಒಂದೂವರೆ ಗಂಟೆಯ ವೇಳೆಗೆ. ಮಧ್ಯಾಹ್ನ ಮೂರು ಗಂಟೆಗೆ ಹೊತ್ತಿದ ಬೆಂಕಿಯು ಅದರ ಕಣ್ಣಿಗೆ ಬೀಳಬೇಕಾದರೆ ನಡುರಾತ್ರಿ ಕಳೆಯಬೇಕು. ಅಷ್ಟರಲ್ಲಿ ಆರಿಹೋದ ಬೆಂಕಿ ಅದರ ಪಟ್ಟಿಗೆ ಸೇರುವುದೇ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಭಾರತದ ಇನ್ಸಾಟ್-3ಡಿ ಮಾಲೆಯ ಹವಾಮಾನ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಸ್ಥಿರವಾಗಿ ನಿಂತಂತೆ ಇದ್ದು, ಅರ್ಧ ಗಂಟೆಗೊಮ್ಮೆ ಇಡೀ ದೇಶದ ಚಿತ್ರವನ್ನು ಕಳುಹಿಸುವಂತೆ ರಚಿತವಾಗಿವೆ. ಇವುಗಳಲ್ಲಿ ಮೊದಲನೆಯದನ್ನು 2013ರ ಜುಲೈಯಲ್ಲಿ, ಇನ್ಸಾಟ್-3ಡಿಎಸ್ ಉಪಗ್ರಹವನ್ನು 2024ರ ಫೆಬ್ರವರಿಯಲ್ಲಿ ಹಾರಿಸಲಾಯಿತು. ಆದರೆ ಇವುಗಳ ಅವಕೆಂಪು ಚಿತ್ರಕಣದ ಅಗಲ 4 ಕಿಲೋಮೀಟರು. ಮೇಲೆ ಹೇಳಿದ ಕಾಲು ಎಕರೆ ಬೆಂಕಿಯು ಇಷ್ಟು ದೊಡ್ಡ ಚಿತ್ರಕಣದ ತೋರುವ ಉಷ್ಣತೆಯನ್ನು ಸುಮಾರು 6 ಡಿಗ್ರಿಯಷ್ಟು ಮಾತ್ರ ಏರಿಸಬಲ್ಲದು. ಬಿಸಿಲಿಗೆ ಕಾದ ಬೋಳುಗುಡ್ಡವೂ ಅಷ್ಟು ವ್ಯತ್ಯಾಸ ತೋರಬಹುದು. ಹತ್ತಿರದಿಂದ ಆಗಾಗ ನೋಡುವ ಕಣ್ಣು ಒಂದು, ದೂರದಿಂದ ಸದಾ ನೋಡುವ ಕಣ್ಣು ಇನ್ನೊಂದು. ಎರಡರ ಮಾಹಿತಿಯನ್ನೂ ಹೊಂದಿಸಿ ನೋಡಿದಾಗ ಮಾತ್ರ ಬೆಂಕಿಯ ಪೂರ್ಣ ಚಿತ್ರ ದೊರೆಯುತ್ತದೆ.

ಬಿಸಿಯೆಲ್ಲವೂ ಕಾಡ್ಗಿಚ್ಚಲ್ಲ

ಉಪಗ್ರಹವು ಬಿಸಿಯನ್ನು ಗುರುತಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ಆಂಧ್ರಪ್ರದೇಶದ ವಿಜಯವಾಡದ ಪರಿಸರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೃಷ್ಣಾ ನದಿಯ ದಡದಲ್ಲಿರುವ ಭವಾನಿಪುರಂ ಬಡಾವಣೆಯಿಂದ ನದಿಯ ಮೇಲ್ಭಾಗಕ್ಕೆ ಸಾಗಿದರೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಜನವಸತಿ, ಇಬ್ರಾಹಿಂಪಟ್ಟಣದ ಉಷ್ಣ ವಿದ್ಯುತ್ ಸ್ಥಾವರ, ಹೊಲಗದ್ದೆಗಳು ಮತ್ತು ಮರದ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಯ ಬೆಟ್ಟದ ಕಾಡು ಒಂದರ ಪಕ್ಕದಲ್ಲೊಂದು ಇವೆ. ಇಂತಹ ಕಡೆ ಒಂದು ಕಿಲೋಮೀಟರು ಅಗಲದ ಬಿಸಿ ಚಿತ್ರಕಣವೊಂದು ಕಂಡುಬಂದರೆ ಅದು ಗುಡ್ಡದ ಬೆಂಕಿಯೋ, ಕೊಯ್ಲಾದ ಗದ್ದೆಯ ಕೂಳೆಗೆ ಇಟ್ಟ ಬೆಂಕಿಯೋ, ಕಾರ್ಖಾನೆಯ ಬಿಸಿಯೋ ಎಂದು ಆ ಒಂದು ಚಿತ್ರದಿಂದಲೇ ನಿರ್ಧರಿಸಲಾಗದು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ, ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳಂತಹ ತಾಣಗಳಲ್ಲಿ ಬಿಸಿಯು ವರ್ಷವಿಡೀ ಇರುವಂಥದು.

ಆದುದರಿಂದ ಉಪಗ್ರಹದ ಪಟ್ಟಿಯನ್ನು ಹಲವು ಜರಡಿಗಳಲ್ಲಿ ಸೋಸಲಾಗುತ್ತದೆ. ಅದೇ ಸ್ಥಳದಲ್ಲಿ ವರ್ಷಪೂರ್ತಿ ಕಾಣುವ ಬಿಸಿಯನ್ನು ಕಾರ್ಖಾನೆಯೆಂದು ಗುರುತಿಸಿ ಕೈಬಿಡಲಾಗುತ್ತದೆ. ತಗಡಿನ ಮಾಡು, ಕೆರೆಯ ನೀರು ಮುಂತಾದವುಗಳಿಂದ ಪ್ರತಿಫಲಿಸುವ ಸೂರ್ಯನ ಬೆಳಕು 4 ಮೈಕ್ರಾನ್‌ನಲ್ಲಿ ಬೆಂಕಿಯ ಭ್ರಮೆ ಹುಟ್ಟಿಸಬಹುದಾದ್ದರಿಂದ, ಸೂರ್ಯನ ಕೋನವನ್ನು ಪರಿಶೀಲಿಸಲಾಗುತ್ತದೆ. ರಾತ್ರಿಯ ಚಿತ್ರಗಳಲ್ಲಿ ಈ ತೊಂದರೆಯಿಲ್ಲ. ಉಳಿದ ಬಿಂದುಗಳನ್ನು ಅರಣ್ಯದ ಗಡಿಯ ನಕ್ಷೆಯೊಡನೆ ಹೋಲಿಸಿ, ಗಡಿಯೊಳಗೆ ಬಿದ್ದವುಗಳನ್ನು ಮಾತ್ರ ಕಾಡ್ಗಿಚ್ಚಿನ ಎಚ್ಚರಿಕೆಗಳಾಗಿ ಪರಿಗಣಿಸಲಾಗುತ್ತದೆ.

ಎಚ್ಚರಿಕೆ ಸಾಗುವ ದಾರಿ

1981ರಲ್ಲಿ ಸ್ಥಾಪಿತವಾದ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಮೋಡಿಸ್ ಮಾಹಿತಿಯನ್ನು ಬಳಸಿ ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಬೆಂಕಿಯ ಸೂಚನೆ ನೀಡಲು ಆರಂಭಿಸಿತು. 2017ರಿಂದ ವಿರ್ಸ್ ಮಾಹಿತಿಯೂ ಇದಕ್ಕೆ ಸೇರಿತು. 2019ರ ಜನವರಿಯಲ್ಲಿ ಈ ವ್ಯವಸ್ಥೆಯ ಸುಧಾರಿತ ರೂಪವು ಜಾರಿಗೆ ಬಂದು, ಗಸ್ತು ಪ್ರದೇಶದ ಮಟ್ಟದವರೆಗೂ ಮೊಬೈಲ್ ಸಂದೇಶ ತಲಪಿಸುವುದು ಸಾಧ್ಯವಾಯಿತು. ದೊಡ್ಡ ಬೆಂಕಿಗಳು ಆರುವವರೆಗೂ ಅವುಗಳ ಮೇಲೆ ನಿಗಾ ಇಡುವ ಕಾರ್ಯಕ್ರಮವೂ ಆಗಲೇ ಆರಂಭವಾಯಿತು.

ಇದೇ ಸಂಸ್ಥೆಯ 2019ರ ವರದಿಯಂತೆ ದೇಶದ ಅರಣ್ಯಾವರಣದ ಶೇಕಡ 36ರಷ್ಟು ಭಾಗ ಮೇಲಿಂದ ಮೇಲೆ ಬೆಂಕಿಗೆ ಈಡಾಗುವ ಸಂಭವವುಳ್ಳದ್ದು. 2023ರ ನವೆಂಬರಿನಿಂದ 2024ರ ಜೂನ್‌ವರೆಗಿನ ಬೆಂಕಿಯ ಋತುವಿನಲ್ಲಿ ದೇಶದಲ್ಲಿ 2,03,544 ಬೆಂಕಿಯ ಬಿಂದುಗಳು ದಾಖಲಾದವು. ಈ ಸಂಖ್ಯೆಯನ್ನು ಓದುವಾಗ ಎಚ್ಚರ ಬೇಕು. ಇದು ಪ್ರತ್ಯೇಕ ಕಾಡ್ಗಿಚ್ಚುಗಳ ಎಣಿಕೆಯಲ್ಲ. ಒಂದೇ ದೊಡ್ಡ ಬೆಂಕಿಯು ಒಂದೇ ರಾತ್ರಿಯಲ್ಲಿ ಹತ್ತಾರು ಬಿಂದುಗಳಾಗಿ ಕಾಣಬಹುದು. ಮರುದಿನ ಮತ್ತೆ ಎಣಿಕೆಗೆ ಬರಬಹುದು. ಬಿಂದುಗಳ ಸಂಖ್ಯೆಯನ್ನು ಚಿತ್ರಕಣದ ವಿಸ್ತೀರ್ಣದಿಂದ ಗುಣಿಸಿ ಸುಟ್ಟ ಕಾಡಿನ ಲೆಕ್ಕ ಹೇಳುವುದೂ ಸರಿಯಲ್ಲ. ವಿರ್ಸ್ ಉಪಕರಣದ ಒಂದು ಚಿತ್ರಕಣ ಸುಮಾರು 14 ಹೆಕ್ಟೇರು. ಅದರೊಳಗೆ ಉರಿದದ್ದು ಒಂದು ಎಕರೆಯೂ ಇರಬಹುದು, ಹದಿನಾಲ್ಕು ಹೆಕ್ಟೇರೂ ಇರಬಹುದು.

ಸುಟ್ಟ ನೆಲದ ವಿಸ್ತೀರ್ಣ

ಸುಟ್ಟ ಪ್ರದೇಶವನ್ನು ಅಳೆಯಲು ಬೆಂಕಿಯ ಬಿಸಿಯನ್ನಲ್ಲ, ಅದು ಬಿಟ್ಟುಹೋದ ಕಲೆಯನ್ನು ನೋಡಬೇಕಾಗುತ್ತದೆ. ಹಸಿರೆಲೆಯು ಸಮೀಪದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಎಲೆಯಲ್ಲಿರುವ ನೀರು ಕಿರುತರಂಗದ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಸುಟ್ಟ ನೆಲದಲ್ಲಿ ಇದು ತಿರುಗುಮುರುಗಾಗುತ್ತದೆ. ಈ ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ದಹನ ಸೂಚ್ಯಂಕ ಎನ್ನಬಹುದು.

ಬೆಂಕಿಗೆ ಮುನ್ನ ಒಂದು ಜಾಗದಲ್ಲಿ ಮೊದಲನೆಯ ಪ್ರತಿಫಲನ 0.30, ಎರಡನೆಯದು 0.15 ಇದ್ದರೆ ಸೂಚ್ಯಂಕ 0.33. ಬೆಂಕಿಯ ನಂತರ ಅವು 0.12 ಮತ್ತು 0.18 ಆದರೆ ಸೂಚ್ಯಂಕ ಸೊನ್ನೆಗಿಂತ 0.20ರಷ್ಟು ಕೆಳಗೆ. ಎರಡರ ನಡುವಣ ಇಳಿತ 0.53. ಈ ಇಳಿತ 0.10ಕ್ಕಿಂತ ಕಡಿಮೆಯಿದ್ದರೆ ಸುಟ್ಟಿಲ್ಲವೆಂದೂ, 0.66ನ್ನು ಮೀರಿದರೆ ತೀವ್ರವಾಗಿ ಸುಟ್ಟಿದೆಯೆಂದೂ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ವರ್ಗೀಕರಣ ಹೇಳುತ್ತದೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-3 ಕ್ಯಾಮೆರಾ ಸುಮಾರು 24 ಮೀಟರು ಸೂಕ್ಷ್ಮತೆಯಲ್ಲಿಯೂ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10ರಿಂದ 20 ಮೀಟರು ಸೂಕ್ಷ್ಮತೆಯಲ್ಲಿಯೂ ಇಂತಹ ಲೆಕ್ಕಕ್ಕೆ ಬೇಕಾದ ಚಿತ್ರಗಳನ್ನು ಒದಗಿಸುವಂಥವು.

ಆದರೆ ಶೀತವಲಯದ ದೇವದಾರು ಕಾಡುಗಳಿಗೆ ಹೊಂದುವ ಗೆರೆಗಳು ಬಂಡೀಪುರಕ್ಕೆ ಹಾಗೆಯೇ ಹೊಂದುವುದಿಲ್ಲ. ಬಂಡೀಪುರದ ಹೆಚ್ಚಿನ ಭಾಗ ಎಲೆಯುದುರುವ ಕಾಡು. ಫೆಬ್ರವರಿಯ ವೇಳೆಗೆ ತೇಗ, ಮತ್ತಿ, ದಿಂಡಿಗ ಮೊದಲಾದ ಮರಗಳು ಬೋಳಾಗುತ್ತಿರುತ್ತವೆ. ಎಲೆ ಉದುರುವುದರಿಂದಲೇ ಸೂಚ್ಯಂಕ ಇಳಿಯುವುದರಿಂದ, ಜನವರಿಯ ಚಿತ್ರವನ್ನು ಮಾರ್ಚಿಯ ಚಿತ್ರದೊಡನೆ ಹೋಲಿಸಿದರೆ ಸುಡದ ಕಾಡೂ ಸುಟ್ಟಂತೆ ಕಾಣುವ ಸಂಭವವಿದೆ. ಮತ್ತೊಂದೆಡೆ, ಹಸಿರು ಮೇಲಾವರಣದ ಅಡಿಯಲ್ಲಿ ತರಗೆಲೆಯನ್ನಷ್ಟೇ ಸುಡುತ್ತಾ ಹರಿದ ಬೆಂಕಿ ಮೇಲಿನಿಂದ ಕಾಣದೆಯೇ ಹೋಗಬಹುದು. ಗಾಳಿಯು ಬೂದಿಯನ್ನು ಹಾರಿಸಿದರೆ, ಮೊದಲ ಮಳೆಗೆ ಹುಲ್ಲು ಚಿಗುರಿದರೆ ಕಲೆ ಮಾಸುತ್ತದೆ. ಒಂದೇ ಬೆಂಕಿಗೆ ಬೇರೆ ಬೇರೆ ಸಂಸ್ಥೆಗಳ ಅಂದಾಜುಗಳು ಭಿನ್ನವಾಗಿರುವುದಕ್ಕೆ ಚಿತ್ರದ ದಿನಾಂಕ, ಸೂಕ್ಷ್ಮತೆ ಮತ್ತು ಆಯ್ದುಕೊಂಡ ಗೆರೆಗಳೇ ಸಾಮಾನ್ಯವಾಗಿ ಕಾರಣವಾಗುತ್ತವೆ. ಆದ್ದರಿಂದ ಕೆಲವು ಸ್ಥಳಗಳಿಗಾದರೂ ಖುದ್ದಾಗಿ ಹೋಗಿ, ಚಿತ್ರ ಹೇಳುವುದನ್ನು ನೆಲದ ಸ್ಥಿತಿಯೊಡನೆ ತಾಳೆ ನೋಡುವುದು ಅನಿವಾರ್ಯ.

ಬೆಂಕಿಯ ಅಂಚು ಮತ್ತು ಕಾವಲುಗಾರರ ಪ್ರಾಣ

ಈ ಅಳತೆಗಳು ಕಚೇರಿಯ ವರದಿಗಷ್ಟೇ ಸಂಬಂಧಿಸಿದವಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೇ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸಾವಿಗೀಡಾದರು. ಬೆಂಕಿಯ ಎದುರು ನಿಲ್ಲಬಹುದೇ, ಹಿಂದೆ ಸರಿಯಬೇಕೇ ಎಂಬ ನಿರ್ಧಾರವು ಬೆಂಕಿಯ ಅಂಚಿನ ತೀವ್ರತೆಯನ್ನು ಅವಲಂಬಿಸಿದೆ.

1959ರಲ್ಲಿ ಬೈರಮ್ ಎಂಬ ಅಮೆರಿಕದ ತಜ್ಞರು ಸೂಚಿಸಿದಂತೆ, ಉರಿಯುವ ವಸ್ತುವಿನ ಶಾಖಮೌಲ್ಯ, ಒಂದು ಚದರ ಮೀಟರಿನಲ್ಲಿ ಸುಡುವ ವಸ್ತುವಿನ ತೂಕ ಮತ್ತು ಬೆಂಕಿ ಮುಂದುವರಿಯುವ ವೇಗ ಇವು ಮೂರನ್ನೂ ಗುಣಿಸಿದರೆ ಈ ತೀವ್ರತೆ ದೊರೆಯುತ್ತದೆ. ಒಣ ಸಸ್ಯವಸ್ತುವಿನ ಶಾಖಮೌಲ್ಯ ಕಿಲೋಗ್ರಾಂಗೆ ಸುಮಾರು 18,000 ಕಿಲೋಜೂಲ್. ಚದರ ಮೀಟರಿಗೆ ಅರ್ಧ ಕಿಲೋಗ್ರಾಂ ತರಗೆಲೆ ಇದ್ದು, ಬೆಂಕಿಯು ನಿಮಿಷಕ್ಕೆ ಒಂದು ಮೀಟರು ಸಾಗುತ್ತಿದ್ದರೆ, ಬೆಂಕಿಯ ಅಂಚಿನ ಪ್ರತಿ ಮೀಟರಿಗೆ ತೀವ್ರತೆ 150 ಕಿಲೋವಾಟ್ ಆಗುತ್ತದೆ. ಸುಮಾರು 350 ಕಿಲೋವಾಟ್‌ವರೆಗಿನ ಬೆಂಕಿಯನ್ನು ಕೈಸಾಧನಗಳಿಂದ ಎದುರಿಸಬಹುದೆಂಬುದು ರೂಢಿಯ ಮಿತಿ. ಅದೇ ಜಾಗದಲ್ಲಿ ಲಂಟಾನ ಪೊದೆ ದಟ್ಟವಾಗಿ ಬೆಳೆದು, ಸುಡುವ ವಸ್ತು ಒಂದೂವರೆ ಕಿಲೋಗ್ರಾಂ ಆಗಿ, ಗಾಳಿ ಬೀಸಿ ವೇಗ ನಿಮಿಷಕ್ಕೆ ಆರು ಮೀಟರಿಗೆ ಏರಿದರೆ ತೀವ್ರತೆ 2,700 ಕಿಲೋವಾಟ್ ತಲಪುತ್ತದೆ. ಸೊಪ್ಪಿನ ಕೊಂಬೆ ಹಿಡಿದವನು ಅದರ ಹತ್ತಿರ ಸುಳಿಯಲಾರ. ಇಳಿಜಾರಿನಲ್ಲಿ ಬೆಂಕಿ ಮೇಲೇರುವಾಗ ಅದರ ವೇಗ ಮತ್ತಷ್ಟು ಹೆಚ್ಚುತ್ತದೆ.

ಈ ಮೂರು ಅಂಶಗಳ ಪೈಕಿ ವೇಗವನ್ನು ಒಂದರ ಹಿಂದೊಂದು ಬರುವ ಉಪಗ್ರಹ ಚಿತ್ರಗಳ ಹೋಲಿಕೆಯಿಂದಲೂ, ಸುಡುವ ವಸ್ತುವನ್ನು ಸಸ್ಯಾವರಣದ ನಕ್ಷೆಗಳಿಂದಲೂ ಸ್ಥೂಲವಾಗಿ ಅಂದಾಜು ಮಾಡಬಹುದು. ಬೇಸಗೆಗೆ ಮುನ್ನವೇ ಇಂತಹ ನಕ್ಷೆ ಸಿದ್ಧವಿದ್ದರೆ, ಎಲ್ಲಿ ಬೆಂಕಿರೇಖೆಯನ್ನು ಅಗಲವಾಗಿ ತೆಗೆಯಬೇಕು, ಎಲ್ಲಿ ಕಾವಲುಗಾರರನ್ನು ಇರಿಸಬೇಕು, ಯಾವ ಕಣಿವೆಯೊಳಗೆ ಅವರನ್ನು ಕಳುಹಿಸಲೇಬಾರದು ಎಂಬುದನ್ನು ಮೊದಲೇ ತೀರ್ಮಾನಿಸಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ ತರಗೆಲೆಗೆ ಕಿರುಬೆಂಕಿ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎಂದು ಕರೆಯುತ್ತಾರೆ. ಆ ಪದ್ಧತಿ ನಿಂತ ಬಳಿಕ ಲಂಟಾನ ಹಬ್ಬಿತೆಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಸುಡುವ ವಸ್ತು ಕಡಿಮೆಯಿದ್ದರೆ ಬೆಂಕಿಯ ತೀವ್ರತೆಯೂ ಕಡಿಮೆ ಎಂಬ ಬೈರಮ್ ಸೂತ್ರದ ಸಾರ ಅವರ ಅನುಭವದಲ್ಲಿಯೂ ಅಡಗಿದೆ. ಆದರೆ ಅರಣ್ಯದಲ್ಲಿ ಬೆಂಕಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಬೆಂಕಿರೇಖೆಗಾಗಿ ಮಾಡುವ ನಿಯಂತ್ರಿತ ದಹನವೂ ಇಲಾಖೆಯ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು.

ಸಾರ್ವಜನಿಕರ ಪಾತ್ರ

ಉಪಗ್ರಹವು ಬೆಂಕಿಯನ್ನು ಆರಿಸುವುದಿಲ್ಲ. ಹೊತ್ತಿಸಿದವರು ಯಾರೆಂದು ಹೇಳುವುದೂ ಇಲ್ಲ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯರಿಂದಲೇ ಹೊತ್ತಿಕೊಳ್ಳುವಂಥವು. ಕಾಡಂಚಿನ ರಸ್ತೆಯಲ್ಲಿ ಎಸೆದ ಬೀಡಿಯ ತುಂಡು, ಅಡುಗೆಯ ಬಳಿಕ ಆರಿಸದೆ ಬಿಟ್ಟ ಕೆಂಡ, ಹೊಲದ ಕಸಕ್ಕೆ ಹಾಕಿದ ಬೆಂಕಿ, ಮೇವಿನ ಆಸೆಗೆ ಅಥವಾ ಹಗೆತನದಿಂದ ಇಟ್ಟ ಕಿಡಿ ಇವೇ ಅದರ ಮೂಲಗಳು.

ಬೆಂಕಿ ಹೊತ್ತಿದ ಮೊದಲ ಗಂಟೆಯಲ್ಲಿ ಅದು ಚಿಕ್ಕದಾಗಿರುತ್ತದೆ. ಆಗ ಉಪಗ್ರಹವು ಬಹುಶಃ ಬೇರೊಂದು ದೇಶದ ಮೇಲೆ ಹಾಯುತ್ತಿರುತ್ತದೆ. ಆ ಗಂಟೆಯಲ್ಲಿ ಹೊಗೆಯನ್ನು ಕಾಣುವವರು ಕಾಡಂಚಿನ ರೈತರು, ದನಗಾಹಿಗಳು ಮತ್ತು ದಾರಿಹೋಕರು. ಹೊಗೆ ಕಂಡೊಡನೆ ಸಮೀಪದ ಅರಣ್ಯ ಕಚೇರಿಗೆ ಅಥವಾ 112 ಸಂಖ್ಯೆಗೆ ಸ್ಥಳದ ಗುರುತು ತಿಳಿಸುವುದು, ತರಬೇತಿಯಿಲ್ಲದೆ ಇಳಿಜಾರಿನ ಮೇಲ್ಭಾಗದಲ್ಲಿ ನಿಂತು ಬೆಂಕಿ ಆರಿಸಲು ಹೋಗದಿರುವುದು, ಬೇಸಗೆಯಲ್ಲಿ ಕಾಡಂಚಿನ ಕಸಕ್ಕೆ ಬೆಂಕಿ ಹಾಕದಿರುವುದು ಇವು ಪ್ರತಿಯೊಬ್ಬರೂ ಪಾಲಿಸಬೇಕಾದ ನಿಯಮಗಳು.

ಎರಡು ತರಂಗಾಂತರಗಳ ವ್ಯತ್ಯಾಸದಿಂದ ಬೆಂಕಿಯ ನೆಲೆಯನ್ನೂ, ಅದರ ಪ್ರಖರತೆಯಿಂದ ಸಾಮರ್ಥ್ಯವನ್ನೂ, ಸುಟ್ಟ ಕಲೆಯಿಂದ ವಿಸ್ತೀರ್ಣವನ್ನೂ ತಿಳಿಯುವ ವಿದ್ಯೆ ಇಂದು ನಮ್ಮ ಸಂಸ್ಥೆಗಳ ಕೈಯಲ್ಲಿದೆ. ಉಪಗ್ರಹದ ಮಾಹಿತಿಯು ಸಕಾಲದಲ್ಲಿ ಗಸ್ತಿನವರ ಕೈಸೇರಿ, ಕಾಡಂಚಿನ ಜನರ ಎಚ್ಚರವೂ ಅದಕ್ಕೆ ಜೊತೆಯಾದರೆ, ಗಂಟೆಗೆ 75 ಟನ್ ನುಂಗುವ ಬೆಂಕಿಯಾಗುವ ಮೊದಲೇ ಅದನ್ನು ಒಂದು ಹಿಡಿ ಹಸಿಸೊಪ್ಪಿನಿಂದ ಆರಿಸಬಹುದು.